ಐವತ್ತು ಕೆಜಿಯ ಚಾಂಪಿಯನ್‌ಗೆ ಒಲಿಂಪಿಕ್ಸ್‌ನಲ್ಲಿ ಜಾಗ ಎಲ್ಲಿ?

2021ರ ಆಗಸ್ಟ್ ಮೊದಲ ವಾರ ನಿಮಗೆಲ್ಲ ನೆನಪಿರಬೇಕು. 4ನೇ ತಾರೀಖು ನಮ್ಮ ಲವ್ಲೀನಾ ಬೊರ್ಗೊಹೈನ್ ಟೋಕಿಯೋದಲ್ಲಿ ಬಾಕ್ಸಿಂಗ್ ಸೆಮಿಫೈನಲ್ ಸೋತು ಕಂಚಿನೊಂದಿಗೆ ಮರಳಿದರು. ಸೋಲಿಸಿದ್ದು ಟರ್ಕಿಯ ಬುಸೆನಾಜ್ ಸುರ್ಮೆನೆಲಿ. 5ಕ್ಕೆ ಹಾಕಿ ತಂಡ ಜರ್ಮನಿಯನ್ನು 5-4ರಿಂದ ಮಣಿಸಿ ಕಂಚು ಗೆದ್ದಿತು, ಅದೇ ದಿನ ಕುಸ್ತಿಯಲ್ಲಿ ರವಿ ದಹಿಯಾಗೆ ಬೆಳ್ಳಿ. 7ಕ್ಕೆ ನೀರಜ್ ಚೋಪ್ರಾ. ಆ ನಾಲ್ಕು ದಿನ ನಾನು ಸ್ಟುಡಿಯೋ ಬಿಟ್ಟು ಎದ್ದಿದ್ದೇ ಕಡಿಮೆ. ಪದಕದ ಮೇಲೆ ಪದಕ, ಬ್ರೇಕಿಂಗ್ ಮೇಲೆ ಬ್ರೇಕಿಂಗ್.

ಅದೇ 5ನೇ ತಾರೀಖು ಟೋಕಿಯೋದ ನಿಪ್ಪಾನ್ ಬುಡೋಕಾನ್ ಸಭಾಂಗಣದಲ್ಲಿ ಇನ್ನೊಂದು ನಡೀತಿತ್ತು. ಒಲಿಂಪಿಕ್ಸ್ ಇತಿಹಾಸದಲ್ಲೇ ಮೊದಲ ಬಾರಿಗೆ ಕರಾಟೆ. ಏಜೆನ್ಸಿಯಿಂದ ಫಲಿತಾಂಶ ಬಂದಿತ್ತು, ನಾನು ನೋಡಿದ್ದೆ, ಪಕ್ಕಕ್ಕೆ ಸರಿಸಿದ್ದೆ. ಕರಾಟೆಯಲ್ಲಿ ಭಾರತದವರು ಯಾರೂ ಇರಲಿಲ್ಲ. ನಮ್ಮವರಿಲ್ಲದ ಆಟಕ್ಕೆ ಬುಲೆಟಿನ್‌ನಲ್ಲಿ ಹತ್ತು ಸೆಕೆಂಡೂ ಇಲ್ಲ, ಇದು ನಮ್ಮ ಕಸುಬಿನ ಅಲಿಖಿತ ಕಾನೂನು. ಪದಕ ಗೆದ್ದವರಿಗೇ ಜಾಗ ಇಲ್ಲದ ಮೇಲೆ ಸೋತವರನ್ನು ಕೇಳೋರು ಯಾರು? ಆವತ್ತು ಸೋತವರಲ್ಲಿ ಒಬ್ಬಾಕೆಯ ಕತೆಯನ್ನು ಈಗ ಹೇಳ್ತೀನಿ. ಹೆಸರು ಸೆರಾಪ್ ಓಝ್‌ಚೆಲಿಕ್ ಅರಪೋಲು.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ ನಾವು ‘ಅರಪೊಗ್ಲು’ ಅಂದುಬಿಡ್ತೀವಿ. ಟರ್ಕಿಯವರು ಆ ಜಿ ಅಕ್ಷರದ ತಲೆ ಮೇಲೆ ಪುಟ್ಟ ಬಟ್ಟಲಿನಂಥ ಗುರುತು ಹಾಕ್ತಾರೆ, ಹಾಕಿದರೆ ಅದು ಉಚ್ಚಾರದಲ್ಲಿ ಕರಗಿಹೋಗುತ್ತೆ. ಇನ್ನು ‘ಚೆಲಿಕ್’ ಅಂದರೆ ಟರ್ಕಿ ಭಾಷೆಯಲ್ಲಿ ಉಕ್ಕು. ಹೆಡ್‌ಲೈನ್ ಬರೆಯೋರಿಗೆ ಹಬ್ಬ! ‘ಉಕ್ಕಿನ ಹೆಣ್ಣು’ ಅಂತ ಹಾಕಿ ಮುಗಿಸಬಹುದಿತ್ತು. ಆದರೆ ಈಕೆಯ ಕತೆ ಇರೋದು ಉಕ್ಕಿನಲ್ಲಲ್ಲ, ತಕ್ಕಡಿಯಲ್ಲಿ.

1988ರಲ್ಲಿ ಹುಟ್ಟಿದ ಸೆರಾಪ್ ಆಡಿದ್ದು ಮಹಿಳೆಯರ 50 ಕೆಜಿ ವಿಭಾಗದಲ್ಲಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಐದು ತೂಕಗಳಿವೆ: 50, 55, 61, 68, ಆಮೇಲೆ 68ಕ್ಕಿಂತ ಮೇಲಿನವರು. ಇದರಲ್ಲಿ ಎಲ್ಲಕ್ಕಿಂತ ಹಗುರದ್ದು ಈಕೆಯದು. 2014ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಈಕೆ ವಿಶ್ವ ಚಾಂಪಿಯನ್ ಆದರು. ಮರುವರ್ಷ ಬಾಕುವಿನಲ್ಲಿ ನಡೆದ ಮೊಟ್ಟಮೊದಲ ಯುರೋಪಿಯನ್ ಗೇಮ್ಸ್‌ನಲ್ಲಿ ಚಿನ್ನ. ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲೂ ಒಂದಕ್ಕಿಂತ ಹೆಚ್ಚು ಬಾರಿ ಗೆದ್ದವರು.

ಕರಾಟೆ ಅಂದ ತಕ್ಷಣ ನಮ್ಮ ತಲೆಗೆ ಬರೋದು ಹೆಂಚು ಒಡೆಯೋದು, ಬೇಸಿಗೆ ಶಿಬಿರದ ಬಣ್ಣಬಣ್ಣದ ಬೆಲ್ಟು. ಸ್ಪರ್ಧೆಯ ಕರಾಟೆ ಬೇರೆ. ಅದರಲ್ಲಿ ಎರಡು ಬಗೆ. ಎದುರಾಳಿ ಇಲ್ಲದೆ ಒಬ್ಬರೇ ಪಟ್ಟುಗಳನ್ನು ಮಾಡಿ ತೋರಿಸೋದು ಕಾಟಾ. ಇಬ್ಬರು ಎದುರುಬದುರು ನಿಂತು ಕಾದಾಡೋದು ಕುಮಿಟೆ. ಟೋಕಿಯೋದ ಕುಮಿಟೆ ಮೂರು ನಿಮಿಷದ ಆಟ. ಮುಖಕ್ಕೋ ಎದೆಗೋ ಗುದ್ದು ಸರಿಯಾಗಿ ಬಿದ್ದರೆ ಒಂದು ಅಂಕ, ಮೈಗೆ ಒದೆ ಬಿದ್ದರೆ ಎರಡು, ತಲೆಗೆ ಒದೆ ಹೋದರೆ ಮೂರು. ಎಂಟು ಅಂಕದ ಅಂತರ ಬಂತು ಅಂದರೆ ಪಂದ್ಯ ಅಲ್ಲಿಗೇ ಮುಗೀತು.

ಹೊಡೀಬೇಕು, ಆದರೆ ನೋಯಿಸಬಾರದು. ವಿಚಿತ್ರ ಅಲ್ಲವೇ? ಟೋಕಿಯೋದಲ್ಲೇ ಪುರುಷರ ಭಾರದ ವಿಭಾಗದ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೇದಿ 4-1ರಿಂದ ಮುಂದಿದ್ದ. ಎದುರಾಳಿ ಇರಾನಿನ ಸಜಾದ್ ಗಂಜ್‌ಜಾದೆಗೆ ತಲೆಗೆ ಒದ್ದ, ಅವನು ಪ್ರಜ್ಞೆ ತಪ್ಪಿ ಬಿದ್ದ. ಚಿನ್ನ ಯಾರಿಗೆ? ಬಿದ್ದವನಿಗೆ! ಒದ್ದವನು ಅನರ್ಹ. ಹಾಗಾಗಿ ಈ ಆಟದಲ್ಲಿ ಬರೀ ಬಲ ನಡೆಯಲ್ಲ. ಎದುರಾಳಿಗಿಂತ ಅರೆಗಳಿಗೆ ಮೊದಲು ಒಳನುಗ್ಗಿ, ಮುಟ್ಟಿ, ಹಿಂದೆ ಸರಿದುಬಿಡಬೇಕು. ಕೈ ಎಷ್ಟು ದೂರ ಚಾಚುತ್ತೆ, ಕಾಲು ಎಷ್ಟು ಎತ್ತರಕ್ಕೆ ಹೋಗುತ್ತೆ ಅನ್ನೋದು ಇಲ್ಲಿ ದೊಡ್ಡ ಆಸ್ತಿ.

2016ರ ಆಗಸ್ಟ್‌ನಲ್ಲಿ ರಿಯೋದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ, ಟೋಕಿಯೋಗೆ ಕರಾಟೆಯನ್ನು ಸೇರಿಸಿತು. ಸೆರಾಪ್‌ಗೆ ಆಗ 28. ವಿಶ್ವ ಪಟ್ಟ ಕೈಲಿತ್ತು, ವಯಸ್ಸೂ ಇತ್ತು. ದಶಕಗಳಿಂದ ಕರಾಟೆಯವರು ಕಾಯುತ್ತಿದ್ದ ಬಾಗಿಲು ತೆರೆದಿತ್ತು.

ಆದರೆ ಬಾಗಿಲು ಕಿರಿದಾಗಿತ್ತು. ಒಲಿಂಪಿಕ್ಸ್‌ಗೆ ಬರುವ ಒಟ್ಟು ಕ್ರೀಡಾಪಟುಗಳ ಸಂಖ್ಯೆಗೆ ಮಿತಿ ಇದೆ, ಹೊಸ ಆಟಕ್ಕೆ ಕೊಡೋದು ಚಿಕ್ಕ ಪಾಲು. ಕರಾಟೆಗೆ ಸಿಕ್ಕಿದ್ದು 80 ಸ್ಥಾನ, ಎಂಟು ವಿಭಾಗ. ಲೆಕ್ಕ ಹಾಕಿ, ವಿಭಾಗಕ್ಕೆ ಹತ್ತೇ ಜನ. ಐದು ತೂಕಗಳನ್ನು ಮೂರಕ್ಕೆ ಇಳಿಸಿದರು: 55, 61, ಮತ್ತು 61ಕ್ಕಿಂತ ಮೇಲೆ. 50 ಕೆಜಿ ಅನ್ನೋದೇ ಇಲ್ಲ. ಐವತ್ತರವರೂ ಐವತ್ತೈದರವರೂ ಒಂದೇ ಬುಟ್ಟಿಗೆ.

ಐದು ಕೆಜಿ ತಾನೇ, ಅದೇನು ಮಹಾ ಅಂತೀರಾ? ಐವತ್ತು ಕೆಜಿ ದೇಹಕ್ಕೆ ಅದು ಹತ್ತರಲ್ಲಿ ಒಂದು ಪಾಲು. ಊಟ ಜಾಸ್ತಿ ಮಾಡಿ ತೂಕ ಏರಿಸಬಹುದು, ಆದರೆ ಏರಿದ ತೂಕ ಕಾಲಿನ ವೇಗವನ್ನು ತಿನ್ನುತ್ತೆ, ವೇಗವೇ ಹಗುರ ವಿಭಾಗದವರ ಬಂಡವಾಳ. ತೂಕ ಏರಿಸಿದ ಮಾತ್ರಕ್ಕೆ ತೋಳು ಉದ್ದ ಆಗೋದಿಲ್ಲ ಅನ್ನೋದು ಬೇರೆ ಮಾತು.

ನಾವು ಇದರ ತದ್ವಿರುದ್ಧ ಕತೆಯನ್ನು ಕಣ್ಣಾರೆ ನೋಡಿದವರು. ವಿನೇಶ್ ಫೋಗಟ್ ಟೋಕಿಯೋದಲ್ಲಿ 53 ಕೆಜಿಯಲ್ಲಿ ಆಡಿದವರು, ಪ್ಯಾರಿಸ್‌ಗೆ ಹೋಗಲು 50ಕ್ಕೆ ಇಳಿದರು. 2024ರ ಆಗಸ್ಟ್ 7ರ ಬೆಳಗ್ಗೆ ಸುಮಾರು ನೂರು ಗ್ರಾಂ ಹೆಚ್ಚಾಯಿತು, ಫೈನಲ್ ಕೈತಪ್ಪಿತು. ಆವತ್ತು ಇಡೀ ದೇಶ ತಕ್ಕಡಿಯನ್ನು ಬೈದಿತು. ನಾನೂ ಬೈದೆ, ಎರಡು ಗಂಟೆ ನೇರಪ್ರಸಾರದಲ್ಲಿ. ಆಗಲೇ ನನಗೆ ಅನ್ನಿಸಿದ್ದು, ತೂಕದ ಗೆರೆ ಅನ್ನೋದು ಆಟಗಾರರ ಬದುಕನ್ನು ಎಷ್ಟು ದೂರ ಒಯ್ಯುತ್ತೆ ಅಂತ. ವಿನೇಶ್ ಕೆಳಗಿಳಿದು ಸಿಕ್ಕಿಕೊಂಡರು, ಸೆರಾಪ್ ಮೇಲೇರಬೇಕಾಯಿತು. ಕಾರಣಗಳು ಬೇರೆ ಬೇರೆ, ಆದರೆ ಎರಡರಲ್ಲೂ ಗೆರೆ ಎಳೆದವರು ಆಟಗಾರರಲ್ಲ.

ಅದರ ಮೇಲೆ ಕೊರೊನಾ. 2020ರ ಒಲಿಂಪಿಕ್ಸ್ 2021ಕ್ಕೆ ಹೋಯಿತು. ಹತ್ತೇ ಜನರ ಆ ಪಟ್ಟಿಯಲ್ಲಿ ಸೆರಾಪ್ ಜಾಗ ಗಿಟ್ಟಿಸಿಕೊಂಡರು. ಪ್ರೇಕ್ಷಕರಿಲ್ಲದ ಬುಡೋಕಾನ್‌ಗೆ ಕಾಲಿಟ್ಟಾಗ ಆಕೆಗೆ 33. ಐದೈದು ಜನರ ಎರಡು ಗುಂಪು, ಗುಂಪಿನಲ್ಲಿ ಮೊದಲಿಬ್ಬರು ಸೆಮಿಫೈನಲ್‌ಗೆ. ಸೆಮಿಫೈನಲ್ ತಲುಪಿದರೆ ಕಂಚಂತೂ ಖಾತ್ರಿ. ಸೆರಾಪ್ ಅಲ್ಲಿಗೆ ತಲುಪಲಿಲ್ಲ. ಚಿನ್ನ ಬಲ್ಗೇರಿಯಾದ ಇವೆಟ್ ಗೊರನೋವಾಗೆ, ಬೆಳ್ಳಿ ಉಕ್ರೇನಿನ ಆಂಝೆಲಿಕಾ ತೆರ್ಲಿಯುಗಾಗೆ, ಕಂಚು ತೈವಾನಿನ ವೆನ್ ತ್ಸು-ಯುನ್ ಮತ್ತು ಆಸ್ಟ್ರಿಯಾದ ಬೆಟಿನಾ ಪ್ಲಾಂಕ್‌ಗೆ.

2018ರಲ್ಲಿ ಮ್ಯಾಡ್ರಿಡ್‌ನಲ್ಲಿ 50 ಕೆಜಿ ವಿಶ್ವ ಚಾಂಪಿಯನ್ ಆಗಿದ್ದ ಜಪಾನಿನ ಮಿಹೋ ಮಿಯಾಹರಾ ಕೂಡ ಇದೇ ಬುಟ್ಟಿಯಲ್ಲಿದ್ದರು. ಸ್ವಂತ ದೇಶ, ಸ್ವಂತ ಆಟ, ಆಕೆಗೂ ಪದಕ ಇಲ್ಲ. ಹಾಗಾದರೆ ತಪ್ಪೆಲ್ಲ ತೂಕದ್ದೇನಾ? ಹಾಗೆ ಹೇಳಿದರೆ ನನ್ನ ವಾದಕ್ಕೆ ಅನುಕೂಲ, ಆದರೆ ಪ್ರಾಮಾಣಿಕ ಅಲ್ಲ. ಕಂಚು ಗೆದ್ದ ಬೆಟಿನಾ ಪ್ಲಾಂಕ್ ಕೂಡ ಮೂಲತಃ 50 ಕೆಜಿಯವರೇ. ಅಂದರೆ ಆಗದ ಮಾತೇನಲ್ಲ. ಕಷ್ಟದ ಮಾತು, ಅಷ್ಟೇ. ಅವತ್ತಿನ ದಿನ ಪ್ಲಾಂಕ್ ಮಾಡಿ ತೋರಿಸಿದರು, ಸೆರಾಪ್‌ಗೆ ಆಗಲಿಲ್ಲ.

ಟರ್ಕಿಗೆ ಆ ಮೂರು ದಿನ ಕೆಟ್ಟದ್ದೇನಾಗಿರಲಿಲ್ಲ. ಪುರುಷರ 67 ಕೆಜಿಯಲ್ಲಿ ಎರಾಯ್ ಶಾಮ್ದಾನ್‌ಗೆ ಬೆಳ್ಳಿ, ಮಹಿಳೆಯರ 61 ಕೆಜಿಯಲ್ಲಿ ಮೆರ್ವೆ ಚೋಬಾನ್‌ಗೆ ಕಂಚು, ಇನ್ನೂ ಎರಡು ಕಂಚು. ಟರ್ಕಿ ಟೋಕಿಯೋದಲ್ಲಿ ಗೆದ್ದ 13 ಪದಕಗಳಲ್ಲಿ ನಾಲ್ಕು ಕರಾಟೆಯದ್ದೇ. ತಂಡದ ವಿಶ್ವ ಚಾಂಪಿಯನ್ ಒಬ್ಬರು ಮಾತ್ರ ಬರಿಗೈ.

‘ಮುಂದಿನ ಸಲ ನೋಡೋಣ’ ಅಂತ ಸೋತವರಿಗೆ ನಾವು ಸಮಾಧಾನ ಹೇಳ್ತೀವಿ. ಹಾಕಿಯವರು ಮುಂದಿನ ಸಲ ನೋಡಿದರು, ಪ್ಯಾರಿಸ್‌ನಲ್ಲೂ ಕಂಚು ತಂದರು. ಕರಾಟೆಗೆ ಮುಂದಿನ ಸಲವೇ ಇರಲಿಲ್ಲ. ಅದೂ ಬುಡೋಕಾನ್‌ಗೆ ಕಾಲಿಡುವ ಮೊದಲೇ ಗೊತ್ತಿತ್ತು. 2019ರ ಫೆಬ್ರವರಿಯಲ್ಲೇ ಪ್ಯಾರಿಸ್ ಸಂಘಟಕರು ತಾವು ಸೇರಿಸಬಯಸುವ ಆಟಗಳ ಪಟ್ಟಿ ಹೊರಹಾಕಿದ್ದರು. ಬ್ರೇಕ್‌ಡ್ಯಾನ್ಸ್ ಇತ್ತು, ಸರ್ಫಿಂಗ್ ಇತ್ತು, ಗೋಡೆ ಹತ್ತೋದು ಇತ್ತು, ಸ್ಕೇಟ್‌ಬೋರ್ಡ್ ಇತ್ತು. ಕರಾಟೆ ಇರಲಿಲ್ಲ. ಟೋಕಿಯೋದಲ್ಲಿ ಪುರುಷರ 67 ಕೆಜಿ ಚಿನ್ನ ಗೆದ್ದ ಸ್ಟೀವನ್ ಡಾ ಕೋಸ್ಟಾ ಫ್ರಾನ್ಸಿನವರೇ ಅನ್ನೋದನ್ನು ಇಲ್ಲಿ ನೆನಪಿಟ್ಟುಕೊಳ್ಳಿ! ತನ್ನದೇ ಊರಿನ ಒಲಿಂಪಿಕ್ಸ್‌ನಲ್ಲಿ ಪಟ್ಟ ಉಳಿಸಿಕೊಳ್ಳುವ ಅವಕಾಶ ಆತನಿಗೂ ಇಲ್ಲ.

ಲಾಸ್ ಏಂಜಲೀಸ್ 2028? ಅದರ ತೀರ್ಮಾನ ಆಗಿದ್ದು ನಮ್ಮ ಮುಂಬೈಯಲ್ಲಿ, 2023ರ ಅಕ್ಟೋಬರ್‌ನಲ್ಲಿ. ನಾವು ಆವತ್ತು ಸ್ಟುಡಿಯೋದಲ್ಲಿ ಸಿಹಿ ಹಂಚಿದೆವು, ಯಾಕಂದರೆ 1900ರ ನಂತರ ಮೊದಲ ಬಾರಿಗೆ ಕ್ರಿಕೆಟ್ ಒಲಿಂಪಿಕ್ಸ್‌ಗೆ ವಾಪಸ್ ಬಂತು. ಜತೆಗೆ ಸ್ಕ್ವಾಷ್, ಲಕ್ರಾಸ್, ಫ್ಲ್ಯಾಗ್ ಫುಟ್‌ಬಾಲ್, ಬೇಸ್‌ಬಾಲ್-ಸಾಫ್ಟ್‌ಬಾಲ್. ಅರ್ಜಿ ಹಾಕಿ ಒಳಗೆ ಬರಲಾಗದ ಆಟಗಳಲ್ಲಿ ಕರಾಟೆಯೂ ಒಂದು. ಕೇಕ್ ಕತ್ತರಿಸುವಾಗ ಆ ಸಾಲನ್ನೂ ನಾನು ಓದಲಿಲ್ಲ.

ಕರಾಟೆ ನಿಂತೇನೂ ಹೋಗಿಲ್ಲ. ವಿಶ್ವ ಚಾಂಪಿಯನ್‌ಷಿಪ್ ನಡೀತಿದೆ, ಅಲ್ಲಿ 50 ಕೆಜಿ ವಿಭಾಗ ಹಾಗೇ ಇದೆ. ಬ್ರೆಮೆನ್ 2014ರ ಸಾಲಿನಲ್ಲಿ ಸೆರಾಪ್ ಹೆಸರನ್ನು ಯಾರೂ ಅಳಿಸೋದಿಲ್ಲ. ಒಲಿಂಪಿಕ್ಸ್‌ನ ಮಹಿಳಾ ಕರಾಟೆ 55 ಕೆಜಿ ಚಾಂಪಿಯನ್‌ಗಳ ಪಟ್ಟಿ ಮಾತ್ರ ಸದ್ಯಕ್ಕೆ ಒಂದೇ ಸಾಲಿನದು: 2021, ಇವೆಟ್ ಗೊರನೋವಾ, ಬಲ್ಗೇರಿಯಾ.