ಕಾಶಾನಿನ ರೇಷ್ಮೆಯಲ್ಲಿ ರಾಜಲಾಂಛನ

ಕಲಾವಸ್ತುವಿನ ಮೇಲಿರುವ ಗುರುತು ಅದನ್ನು ಮಾಡಿಸಿದವನ ಹೆಸರನ್ನು ಹೇಳುವುದುಂಟು. ಮಾಡಿದವನ ಹೆಸರನ್ನು ಹೇಳುವುದು ಅಪರೂಪ. ಗಂಡಭೇರುಂಡವನ್ನು ಕಂಡೊಡನೆ ಮೈಸೂರಿನ ಅರಮನೆಯನ್ನು ನೆನೆಯುವ ನಾವು, ಅದನ್ನು ಕೆತ್ತಿದ ಕೈಯನ್ನು ಎಷ್ಟು ಸಲ ನೆನೆದಿದ್ದೇವೆ? ಗುರುತಿನ ಈ ಪಕ್ಷಪಾತಕ್ಕೆ ಇರಾನಿನ ಕಾಶಾನ್ ನಗರದ ರೇಷ್ಮೆಯ ಕಿಲಿಮುಗಳು ಒಳ್ಳೆಯ ನಿದರ್ಶನ.

ಕಿಲಿಮು ಎಂದರೆ ಜುಂಗಿಲ್ಲದ, ಚಪ್ಪಟೆ ನೇಯ್ಗೆಯ ನೆಲಹಾಸು. ನಮ್ಮ ಜಮಖಾನದ ಜಾತಿಗೆ ಸೇರಿದ್ದು. ರತ್ನಗಂಬಳಿಯಲ್ಲಿ ಹಾಸಿನ ಎಳೆಗಳಿಗೆ ಗಂಟು ಹಾಕಿದ ನೂಲು ಮೇಲೆದ್ದು ಚಿತ್ರವಾಗುತ್ತದೆ. ಕಿಲಿಮಿನಲ್ಲಾದರೋ ಹೊಕ್ಕಿನ ನೂಲೇ ಚಿತ್ರ. ಒಂದೊಂದು ಬಣ್ಣದ ಹೊಕ್ಕೂ ತನ್ನ ಆಕೃತಿಯ ಅಂಚಿನವರೆಗೆ ಮಾತ್ರ ಸಾಗಿ ಹಿಂದಿರುಗುತ್ತದೆ. ಎರಡು ಬಣ್ಣಗಳ ಗಡಿ ನೆಟ್ಟಗೆ ಮೇಲೇರಿದರೆ ನಡುವೆ ಸೀಳು ಬೀಳುತ್ತದೆ. ಆದುದರಿಂದ ಉಣ್ಣೆಯ ಕಿಲಿಮುಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಓರೆಗೆರೆಗಳೂ ತ್ರಿಕೋನಗಳೂ ಹೆಚ್ಚು. ರೇಷ್ಮೆಯ ಎಳೆ ಬಲು ಸಣ್ಣದು. ಅದರಲ್ಲಿ ಆ ಮೆಟ್ಟಿಲುಗಳು ಕಣ್ಣಿಗೆ ತೋರದಷ್ಟು ಕಿರಿದಾಗುತ್ತವೆ. ಕಾಶಾನಿನ ನೇಕಾರರು ಬಳುಕುವ ಬಳ್ಳಿಯನ್ನೂ ಓಡುವ ಮೃಗವನ್ನೂ ನೇಯಬಲ್ಲವರಾದುದು ಹೀಗೆ.

ಸಫವಿ ಅರಸರ ಕಾಲದ ಈ ಹಾಸುಗಳಲ್ಲಿ ಸಿಂಹವು ಬೇಟೆಯ ಮೇಲೆರಗುತ್ತದೆ. ಸೀಮುರ್ಗ ಪಕ್ಷಿ ಘಟಸರ್ಪದೊಡನೆ ಕಾದುತ್ತದೆ. ಫಿರ್ದೌಸಿಯ ‘ಷಾಹನಾಮೆ’ಯಲ್ಲಿ ತಂದೆ ತೊರೆದ ಶಿಶು ಜಾಲನನ್ನು ಸಾಕಿದ ಹಕ್ಕಿಯೇ ಈ ಸೀಮುರ್ಗ. ಅದರ ಕಥೆ ಪರ್ಷಿಯಾದ್ದು. ಚಿತ್ರಗಳಲ್ಲಿ ಕಾಣುವ ನೀಳ ಗರಿಗಳ ರೂಪ ಚೀನಾದಿಂದ ಬಂದುದು. ಹೊರಗಿನ ರೂಪವನ್ನು ತನ್ನದಾಗಿಸಿಕೊಳ್ಳುವುದು ಅಲ್ಲಿನ ಮಗ್ಗಕ್ಕೆ ಹೊಸತಾಗಿರಲಿಲ್ಲ.

ಅಂಥ ಮಗ್ಗವನ್ನು ಹುಡುಕಿಕೊಂಡು ಯುರೋಪಿನಿಂದ ಇನ್ನೊಂದು ಹಕ್ಕಿ ಬಂತು. ಪೋಲೆಂಡಿನ ದೊರೆ ಮೂರನೆಯ ಸಿಗಿಸ್ಮಂಡನು 1601ರಲ್ಲಿ ಸೆಫರ್ ಮುರಾತೊವಿಚ್ ಎಂಬ ಆರ್ಮೇನಿಯನ್ ವರ್ತಕನನ್ನು ಪರ್ಷಿಯಾಕ್ಕೆ ಕಳುಹಿದನು. ಅಲ್ಲಿ ಆಗ ಷಾ ಅಬ್ಬಾಸನ ಆಳ್ವಿಕೆ. ವರ್ತಕನು ಕಾಶಾನಿನಲ್ಲಿ ರೇಷ್ಮೆಯ ಹಾಸುಗಳನ್ನು ಹೇಳಿ ಮಾಡಿಸಿದನು. ರಾಜಲಾಂಛನವನ್ನು ನೇಯಿಸಿದ ವೆಚ್ಚವನ್ನು ತನ್ನ ಲೆಕ್ಕದಲ್ಲಿ ಬೇರೆಯಾಗಿ ಬರೆದನು. ಪೋಲೆಂಡಿನ ಹದ್ದನ್ನು ನಡುವೆ ಧರಿಸಿದ ಕಿಲಿಮೊಂದು ಮ್ಯೂನಿಕ್ಕಿನ ಅರಮನೆಯ ವಸ್ತುಸಂಗ್ರಹಾಲಯದಲ್ಲಿದೆ. ಸಿಗಿಸ್ಮಂಡನ ಮಗಳು 1642ರಲ್ಲಿ ಜರ್ಮನಿಯ ರಾಜಮನೆತನಕ್ಕೆ ಸೊಸೆಯಾದಾಗ ಅದು ಬಳುವಳಿಯಾಗಿ ಹೋಯಿತೆಂದು ವಿದ್ವಾಂಸರ ಅಭಿಪ್ರಾಯ.

ಮುಂದೆ ನಡೆದುದು ವಿಚಿತ್ರ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಪೋಲೆಂಡಿನ ಚಾರ್ತೊರಿಸ್ಕಿ ಮನೆತನದ ರೇಷ್ಮೆ ಮತ್ತು ಜರಿಯ ರತ್ನಗಂಬಳಿಗಳನ್ನು ಇಟ್ಟಿದ್ದರು. ಅವುಗಳ ಮೇಲಿನ ಲಾಂಛನವನ್ನು ಕಂಡವರು ‘ಇವು ಪೋಲೆಂಡಿನಲ್ಲಿಯೇ ಆದುವು’ ಎಂದು ನಂಬಿದರು. ‘ಪೊಲೊನೇಸ್’ ಎಂಬ ಹೆಸರೂ ಬಿತ್ತು. ಅವು ಸಫವಿ ಪರ್ಷಿಯಾದ ಕೃತಿಗಳೆಂಬುದು ಅನಂತರ ಸ್ಥಿರಪಟ್ಟಿತು. ಆದರೂ ಆ ಜಾತಿಯ ಗಂಬಳಿಗಳನ್ನು ಗ್ರಂಥಗಳು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತವೆ. ನೇಯ್ದ ನಾಡಿನ ಹೆಸರನ್ನು ಕೊಂಡ ನಾಡಿನ ಹೆಸರು ಹೀಗೆ ಮರೆಮಾಡಿತು.

ಸಂಕೇತಗಳ ಅರ್ಥವನ್ನು ಅರಸುವುದು ರಸಿಕನಿಗೆ ಸಹಜ. ಆದರೆ ಈ ಹದ್ದು ಯಾವ ದೊರೆಯದೆಂದು ಕೇಳಿದ ಮೇಲೆ, ಅದರ ರೆಕ್ಕೆಯ ಅಂಚಿನಲ್ಲಿ ಹೊಕ್ಕು ಹೇಗೆ ಹಿಂದಿರುಗಿದೆಯೆಂಬುದನ್ನೂ ನೋಡಬೇಕು. ಲಾಂಛನ ಸಿಗಿಸ್ಮಂಡನದು, ಆ ತಿರುವು ಕಾಶಾನಿನ ನೇಕಾರನದು.