ಓಣಿಗೊಬ್ಬ ಗುರುತಿನ ಪೊಲೀಸ್

ಒಂದು ಓಣಿಯ ಜನರೂ ಆ ಓಣಿಯ ಹೊಣೆ ಹೊತ್ತ ಬೀಟ್ ಪೊಲೀಸರೂ ಮುಖಪರಿಚಯ ಇಟ್ಟುಕೊಂಡು, ಅಲ್ಲಿನ ತಂಟೆ-ತಕರಾರು, ಕಳವು, ಭಯಗಳನ್ನು ಕೂಡಿ ಬಗೆಹರಿಸುವ ಪದ್ಧತಿಗೆ ಸಮುದಾಯ ಪೊಲೀಸಿಂಗ್ ಎಂದು ಹೆಸರು. ಕಳವಾದ ಮೇಲೆ ದೂರು, ದೂರಿನ ಮೇಲೆ ತನಿಖೆ ಎಂಬುದು ಠಾಣೆಯ ಮಾಮೂಲು ಕ್ರಮ. ಇಲ್ಲಿ ಕೆಲಸ ಅದಕ್ಕೂ ಮೊದಲೇ ಶುರುವಾಗುತ್ತದೆ. ಬೀದಿದೀಪ ಕೆಟ್ಟು ಹದಿನೈದು ದಿನವಾದ ತಿರುವು, ಶಾಲೆ ಬಿಡುವ ಹೊತ್ತಿಗೆ ಹುಡುಗಿಯರನ್ನು ಕಾಡುವ ಗುಂಪು, ಮಕ್ಕಳೆಲ್ಲ ಪರವೂರಲ್ಲಿರುವ ವಯಸ್ಸಾದ ದಂಪತಿಯ ಮನೆ, ಕಾಂಪೌಂಡ್ ಗೋಡೆಯ ವಿಚಾರಕ್ಕೆ ಮಾತು ಬಿಟ್ಟ ಅಕ್ಕಪಕ್ಕದವರು, ಇವೆಲ್ಲ ಬೀಟ್ ಪೊಲೀಸರಿಗೆ ಗೊತ್ತಿರಬೇಕು ಎಂಬುದು ಇದರ ಮೂಲ ಕಲ್ಪನೆ. ಓಣಿಯವರಿಗೂ ತಮ್ಮ ಬೀಟ್ ಪೊಲೀಸರ ಹೆಸರು, ಫೋನ್ ನಂಬರು ಗೊತ್ತಿರಬೇಕು.

ಊರೇ ತನ್ನ ಕಾವಲು ನೋಡಿಕೊಳ್ಳುವುದು ಕನ್ನಡ ನಾಡಿಗೆ ಹೊಸತಲ್ಲ. ಊರಿನ ಸೇವೆಗೆ ಗೊತ್ತಾದವರ, ಅಂದರೆ ಆಯಗಾರರ, ವ್ಯವಸ್ಥೆಯಲ್ಲಿ ತಳವಾರ ಊರಿನ ಕಾವಲುಗಾರ. ಊರಿಗೆ ಬಂದ ಹೊಸಬ ಯಾರು, ಕಳುವಾದ ದನ ಯಾವ ದಿಕ್ಕಿಗೆ ಹೋಯಿತು ಎಂಬುದನ್ನು ಅವನೇ ಹೇಳಬೇಕಿತ್ತು. ಇದಕ್ಕೆ ಪ್ರತಿಯಾಗಿ ಇನಾಮು ಜಮೀನು, ಸುಗ್ಗಿಯಲ್ಲಿ ಧಾನ್ಯ ಸಿಗುತ್ತಿತ್ತು. ಆದರೆ ಆ ಕಾಲವನ್ನು ಹೊಗಳಿ ಹಾಡುವಂತಿಲ್ಲ. ತಳವಾರಿಕೆ, ಊರ ಆಳಿನ ಚಾಕರಿಯಾದ ತೋಟಿತನ ಎರಡೂ ಹುಟ್ಟಿಗೆ ಕಟ್ಟುಬಿದ್ದ ಕೆಲಸಗಳಾಗಿದ್ದವು; ಬಿಟ್ಟಿ ಚಾಕರಿ ಅವುಗಳ ಬೆನ್ನಿಗೇ ಇತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಪಡಿಸಿದ್ದು ನ್ಯಾಯವೇ ಆಗಿತ್ತು. ಅಷ್ಟರಲ್ಲಾಗಲೇ ಬ್ರಿಟಿಷರು ಕಟ್ಟಿದ ಪೊಲೀಸ್ ಇಲಾಖೆ ಬೇರೂರಿ ನೂರು ವರ್ಷವಾಗಿತ್ತು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಪೊಲೀಸ್ ದಳ ಕಟ್ಟಿದಾಗ, ಜನರ ಒಪ್ಪಿಗೆಯೇ ಪೊಲೀಸರ ಬಲ ಎಂಬ ವಿಚಾರ ಅದರ ಜೊತೆ ಬೆಳೆಯಿತು. ಭಾರತದಲ್ಲಿ 1857ರ ಬಂಡಾಯದ ಬೆನ್ನಿಗೆ ಬಂದ 1861ರ ಪೊಲೀಸ್ ಕಾಯ್ದೆಗೆ ಆ ವಿಚಾರ ಬೇಕಿರಲಿಲ್ಲ. ಮೇಲಿನವರ ಹುಕುಂ ಪಾಲಿಸುವ, ಜನರನ್ನು ಅಂಕೆಯಲ್ಲಿಡುವ ಪಡೆ ಅದಕ್ಕೆ ಬೇಕಿತ್ತು. ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಮರ್ಯಾದೆ ಹೋದಂತೆ ಎಂದು ಸಭ್ಯ ಕುಟುಂಬಗಳು ಇಂದಿಗೂ ಭಾವಿಸುವುದರ ಬೇರು ಅಲ್ಲಿದೆ.

ಪಶ್ಚಿಮದಲ್ಲಿ ಜನರಿಗೂ ಪೊಲೀಸರಿಗೂ ನಡುವಿನ ದೂರ ಬೇರೆ ಕಾರಣಕ್ಕೆ ಹುಟ್ಟಿತು. ಕಾರು, ವೈರ್‌ಲೆಸ್, ಟೆಲಿಫೋನು ಬಂದ ಮೇಲೆ ಅಮೆರಿಕದ ಪೊಲೀಸರು ನಡೆಯುವುದನ್ನು ಬಿಟ್ಟರು. 1972-73ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವು ಪ್ರದೇಶಗಳ ಕಾರು ಗಸ್ತನ್ನು ಹೆಚ್ಚಿಸಿದರು, ಕೆಲವೆಡೆ ನಿಲ್ಲಿಸಿಯೇ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಲವು ವರ್ಷಗಳ ನಂತರ ನೆವಾರ್ಕ್ ನಗರದಲ್ಲಿ ಕಾಲ್ನಡಿಗೆಯ ಗಸ್ತನ್ನು ಪರೀಕ್ಷಿಸಿದಾಗ ಅಪರಾಧ ಇಳಿಯಲಿಲ್ಲ, ಆದರೆ ಜನರ ಅಂಜಿಕೆ ಇಳಿಯಿತು, ಪೊಲೀಸರ ಬಗೆಗಿನ ಅಭಿಪ್ರಾಯ ಸುಧಾರಿಸಿತು. ಸಮುದಾಯ ಪೊಲೀಸಿಂಗ್‌ನ ಶಕ್ತಿಯೂ ಮಿತಿಯೂ ಆ ಒಂದು ಪ್ರಯೋಗದಲ್ಲೇ ಗೋಚರಿಸಿದ್ದವು.

ಕರ್ನಾಟಕದಲ್ಲಿ ಇದರ ಬುನಾದಿ ಬೀಟ್. ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚುವುದು ಹಳೆಯ ರೂಢಿ. ರಾತ್ರಿ ಗಸ್ತಿನವರು ಗೊತ್ತಾದ ಜಾಗಗಳಲ್ಲಿ ಇಟ್ಟ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಮುಂದೆ ಹೋಗುತ್ತಿದ್ದರು. ಈಗ ಹಲವೆಡೆ ಮೊಬೈಲಿನಲ್ಲಿ ಹಾಜರಿ ದಾಖಲಾಗುತ್ತದೆ. ಆದರೆ ಬೀಟ್ ಎಂದರೆ ಗಸ್ತು ಎಂಬುದಷ್ಟೇ ಉಳಿದು, ಇಂದು ಒಬ್ಬರು ನಾಳೆ ಇನ್ನೊಬ್ಬರು ಬರುವಂತಾಗಿತ್ತು. 2017ರಲ್ಲಿ ಆರ್.ಕೆ. ದತ್ತಾ ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿದ್ದಾಗ ಜಾರಿಗೆ ತಂದ ಸುಧಾರಿತ ಬೀಟ್ ವ್ಯವಸ್ಥೆ ಇದನ್ನು ಬದಲಿಸಲು ಹೊರಟಿತು. ಕಾನ್‌ಸ್ಟೆಬಲ್ ಇರಲಿ, ಹೆಡ್ ಕಾನ್‌ಸ್ಟೆಬಲ್ ಇರಲಿ, ಪ್ರತಿಯೊಬ್ಬರಿಗೂ ಒಂದು ಹಳ್ಳಿಯನ್ನೋ ಬಡಾವಣೆಯನ್ನೋ ಹೆಸರು ಹಿಡಿದು ಒಪ್ಪಿಸುವುದು, ಅಲ್ಲಿ ನಾಗರಿಕರ ಸಮಿತಿ ಮಾಡಿ ಸಭೆ ಸೇರಿಸುವುದು ಅದರ ತಿರುಳು. ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ನಿಂತವನ ಕೈಗೆ ಒಂದು ಊರಿನ ಜವಾಬ್ದಾರಿ ಕೊಟ್ಟದ್ದು ಸಣ್ಣ ಮಾತಲ್ಲ. ಹೇಳಿದ ಕಡೆ ನಿಂತು, ಕರೆದಲ್ಲಿಗೆ ಓಡುವ ಕಾನ್‌ಸ್ಟೆಬಲ್ಲಿಗೆ ತನ್ನದೇ ಎನ್ನುವ ಕೆಲಸ ಸಿಕ್ಕಿತು. 2025ರ ಜುಲೈನಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಜನ ಠಾಣೆಗೆ ಬರುವುದನ್ನು ಕಾಯದೆ ಬೀಟ್ ಸಿಬ್ಬಂದಿಯೇ ಮನೆಯ ಬಾಗಿಲಿಗೆ ಹೋಗಿ ಕಷ್ಟ-ಸುಖ ಕೇಳುವುದು ಅದರ ಉದ್ದೇಶ. ಒಟಿಪಿ ಹೇಳಿ ಉಳಿತಾಯ ಕಳೆದುಕೊಂಡ ನಿವೃತ್ತರು ನಾಚಿಕೆಯಿಂದ ಯಾರಿಗೂ ಹೇಳದೆ ಕೂರುವ ಈ ದಿನಗಳಲ್ಲಿ ಇಂಥ ಭೇಟಿಗೆ ನಿಜವಾದ ಉಪಯೋಗವಿದೆ.

ನೆರೆಯ ಕೇರಳ ಈ ದಾರಿಯಲ್ಲಿ ಹೆಚ್ಚು ಕಾಲ ನಡೆದಿದೆ. ಅಲ್ಲಿನ ‘ಜನಮೈತ್ರಿ ಸುರಕ್ಷಾ’ ಯೋಜನೆ 2008ರ ಮಾರ್ಚಿನಲ್ಲಿ 20 ಠಾಣೆಗಳಲ್ಲಿ ಶುರುವಾಯಿತು. ಸುಮಾರು 500 ಮನೆಗಳಿಗೆ ಒಂದು ಬೀಟ್, ಅದಕ್ಕೊಬ್ಬ ಬೀಟ್ ಅಧಿಕಾರಿ. ಪ್ರತಿ ಮನೆಯಲ್ಲೂ ಕನಿಷ್ಠ ಒಬ್ಬರ ಪರಿಚಯ ಆತನಿಗೆ ಇರಬೇಕೆಂಬುದು ನಿಯಮ. ದುಡಿಯುವವರು ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ಮುದುಕರಷ್ಟೇ ಉಳಿದ ಮನೆಗಳು ಅಲ್ಲಿ ಬಹಳ. ಅವರಿಗೆ ಬೀಟ್ ಪೊಲೀಸರ ಭೇಟಿ ಕಾವಲೂ ಹೌದು, ಒಂದು ಮಾತಿನ ಆಸರೆಯೂ ಹೌದು. ಕ್ರಿಮಿನಲ್ ಪ್ರಕರಣದಲ್ಲಿ ಸಿಲುಕಿದವರಿಗೆ ಯೋಜನೆಯ ನಾಗರಿಕ ಸಮಿತಿಯಾದ ಸುರಕ್ಷಾ ಸಮಿತಿಯಲ್ಲಿ ಜಾಗವಿಲ್ಲ. 2011ರ ಕೇರಳ ಪೊಲೀಸ್ ಕಾಯ್ದೆಯಲ್ಲಿ ಜನಸಂಪರ್ಕ ಸಮಿತಿಗಳಿಗೆ ಸ್ಥಾನ ಕೊಟ್ಟದ್ದರಿಂದ ಅಧಿಕಾರಿ ಬದಲಾದರೂ ಯೋಜನೆ ಕಂತೆಯಾಗಿ ಕಪಾಟು ಸೇರಲಿಲ್ಲ. ಉತ್ಸಾಹಿ ಅಧಿಕಾರಿಯೊಬ್ಬರು ಕಟ್ಟಿದ್ದು ಅವರ ವರ್ಗಾವಣೆಯೊಂದಿಗೆ ಕುಸಿಯುವುದು ಈ ದೇಶದಲ್ಲಿ ಎಷ್ಟೋ ಒಳ್ಳೆಯ ಪ್ರಯೋಗಗಳ ಗತಿ.

ಭಾರತದಲ್ಲಿ ಈ ಪದ್ಧತಿಯ ಬೆಲೆ ಏನೆಂದು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಮಹಾರಾಷ್ಟ್ರದ ಭಿವಂಡಿ. ಮುಂಬೈಗೆ ಅಂಟಿಕೊಂಡಿರುವ, ಪವರ್‌ಲೂಮುಗಳ ಸದ್ದಿನಲ್ಲೇ ಹಗಲು-ರಾತ್ರಿ ಕಳೆಯುವ ಊರು ಅದು. 1970ರಲ್ಲಿ, ಮತ್ತೆ 1984ರಲ್ಲಿ ಅಲ್ಲಿ ಭೀಕರ ಕೋಮು ಗಲಭೆಗಳಾದವು. 1988ರಲ್ಲಿ ಉಪ ಪೊಲೀಸ್ ಆಯುಕ್ತರಾಗಿ ಬಂದ ಸುರೇಶ್ ಖೋಪಡೆ, ಗಲಭೆ ಎದ್ದ ಮೇಲೆ ಪಡೆ ಕಳಿಸುವುದಕ್ಕಿಂತ ಏಳದಂತೆ ಮಾಡುವುದು ಹೇಗೆ ಎಂದು ಯೋಚಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂ, ಮುಸ್ಲಿಂ ಎರಡೂ ಸಮುದಾಯದವರು ಒಂದೇ ಸಮಿತಿಯಲ್ಲಿ ಕೂರುತ್ತಿದ್ದರು. ಮುಂದಾಳುಗಳನ್ನು ಬಿಟ್ಟು ಮಗ್ಗದವರು, ಅಂಗಡಿಯವರು, ಸಣ್ಣಪುಟ್ಟ ಉದ್ಯೋಗಿಗಳನ್ನು ಆರಿಸಿದ್ದು ಆ ಪ್ರಯೋಗದ ಜೀವಾಳ. ಸಭೆಯಲ್ಲಿ ಮಾತು ನಲ್ಲಿ, ಚರಂಡಿ, ಹುಡುಗರ ಜಗಳಗಳದ್ದು. ಆದರೆ ಆ ನೆಪದಲ್ಲಿ ಗಲ್ಲಿಯ ಈ ಬದಿಯವರು ಆ ಬದಿಯವರ ಮನೆಯ ಹೆಸರು ಕಲಿತರು. ಪೊಲೀಸರಿಗೂ ಗಾಳಿಸುದ್ದಿ ಯಾವುದು, ನಿಜ ಯಾವುದು ಎಂದು ವಿಚಾರಿಸಲು ಎರಡೂ ಕಡೆ ನಂಬಿಕಸ್ಥರು ಸಿಕ್ಕರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈ ಕೋಮು ಗಲಭೆಯಲ್ಲಿ ಹೊತ್ತಿ ಉರಿದು, ಅದರ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗದ ಲೆಕ್ಕದಂತೆ 900 ಮಂದಿ ಸತ್ತರು. ಗಲಭೆಯ ಊರೆಂದೇ ಹೆಸರಾಗಿದ್ದ ಭಿವಂಡಿ ಶಾಂತವಾಗಿತ್ತು. ಆ ಬಳಿಕ ಮುಂಬೈಯಲ್ಲೂ ಆಯುಕ್ತ ಸತೀಶ್ ಸಾಹ್ನಿ, ನಿವೃತ್ತ ಅಧಿಕಾರಿ ಜೂಲಿಯೊ ರಿಬೇರೊ, ಶಾಂತಿ ಕಾರ್ಯಕರ್ತೆ ಸುಶೋಭಾ ಬರ್ವೆ ಮೊದಲಾದವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಕರ್ನಾಟಕದಲ್ಲಿ ಗಣೇಶನ ಹಬ್ಬ, ಈದ್ ಬಂದಾಗ ಠಾಣೆಗಳು ಶಾಂತಿ ಸಮಿತಿ ಸಭೆ ಕರೆಯುತ್ತವೆ. ಹಬ್ಬದ ಮುನ್ನಾದಿನ ಕರೆಯುವ ಸಭೆಗೂ ವರ್ಷವಿಡೀ ಕೂಡಿ ಕೂರುವ ಸಮಿತಿಗೂ ಇರುವ ಅಂತರವನ್ನು ಭಿವಂಡಿ ತೋರಿಸಿಕೊಟ್ಟಿದೆ.

ಜನರನ್ನು ಪೊಲೀಸ್ ಕೆಲಸಕ್ಕೆ ಸೇರಿಸಿಕೊಳ್ಳುವುದರಲ್ಲಿ ಅಪಾಯವೂ ಇದೆ. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ಪ್ರತೀಪ್ ಫಿಲಿಪ್ ಎಂಬ ಅಧಿಕಾರಿ ಆರಂಭಿಸಿದ ‘ಫ್ರೆಂಡ್ಸ್ ಆಫ್ ಪೊಲೀಸ್’ ರಾಜ್ಯವಿಡೀ ಹರಡಿತ್ತು. 2020ರಲ್ಲಿ ಸಾತಾನ್‌ಕುಳಂನಲ್ಲಿ ಪೊಲೀಸರು ಬಂಧಿಸಿದ್ದ ವ್ಯಾಪಾರಿ ತಂದೆ-ಮಗ ಸತ್ತಾಗ, ಅದರ ಸ್ವಯಂಸೇವಕರ ಮೇಲೂ ಆರೋಪ ಬಂತು. ಸಂಘಟನೆ ಅದನ್ನು ಅಲ್ಲಗಳೆಯಿತು, ಆದರೂ ಸರ್ಕಾರ ಅದೇ ವರ್ಷದ ಜುಲೈನಲ್ಲಿ ಅದರ ಚಟುವಟಿಕೆಯನ್ನು ನಿಷೇಧಿಸಿತು. ಪೊಲೀಸರ ಅಧಿಕಾರದ ನೆರಳು ಸಿಕ್ಕಿ, ಕಾನೂನಿನ ಹೊಣೆ ಮಾತ್ರ ಸಿಗದ ಯುವಕರ ಗುಂಪು ಎಲ್ಲಿಯೇ ಆದರೂ ಭಯ ಹುಟ್ಟಿಸುವಂಥದ್ದು. ಸದ್ದಿಲ್ಲದ ಅಪಾಯ ಇನ್ನೊಂದಿದೆ. ಸಮಿತಿಯ ಕುರ್ಚಿಗಳು ಬಹುಬೇಗ ಓಣಿಯ ದೊಡ್ಡ ಮನೆಯವರಿಗೆ, ಪಕ್ಷದವರಿಗೆ, ಅಪಾರ್ಟ್‌ಮೆಂಟ್ ಸಂಘದವರಿಗೆ ಮೀಸಲಾಗುತ್ತವೆ. ಆಗ ತಳ್ಳುಗಾಡಿಯವ, ಬಾಡಿಗೆ ಕೋಣೆಯ ವಲಸೆ ಕಾರ್ಮಿಕ, ಕೊಳೆಗೇರಿಯ ಹುಡುಗ ಇವರೆಲ್ಲ ಕಾವಲಿಗೆ ಒಳಪಡುವವರಾಗುತ್ತಾರೆಯೇ ವಿನಾ ಕಾವಲಿನ ಪಾಲುದಾರರಾಗುವುದಿಲ್ಲ. ಮನೆಮನೆಯ ಮಾಹಿತಿ ಸಂಗ್ರಹ ನೆರವಾಗಿಯೂ ನಿಲ್ಲಬಹುದು, ಕಣ್ಗಾವಲಾಗಿಯೂ ತಿರುಗಬಹುದು.

ಹಾಗಾದರೆ ಈ ಪದ್ಧತಿ ಎಷ್ಟು ಪರಿಣಾಮಕಾರಿ? 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾ ಈ 6 ದೇಶಗಳಲ್ಲಿ ಇದನ್ನು ಪರೀಕ್ಷಿಸಿತು. ಅಪರಾಧ ಇಳಿಯಲಿಲ್ಲ, ಪೊಲೀಸರ ಮೇಲಿನ ನಂಬಿಕೆಯೂ ಹೆಚ್ಚಲಿಲ್ಲ. ಮೇಲಧಿಕಾರಿಗಳಿಗೆ ಇದು ಮುಖ್ಯ ಕೆಲಸವೆನಿಸಲಿಲ್ಲ, ಜನರನ್ನು ಪರಿಚಯಿಸಿಕೊಂಡ ಸಿಬ್ಬಂದಿ ಅಷ್ಟರಲ್ಲೇ ವರ್ಗವಾದರು, ಜನ ಹೇಳಿದ ತೊಂದರೆಗೆ ಸ್ಪಂದಿಸಲು ಬೇಕಾದ ಅನುಕೂಲ ಠಾಣೆಗಳಲ್ಲಿ ಇರಲಿಲ್ಲ ಎಂದು ಸಂಶೋಧಕರು ಕಾರಣ ಗುರುತಿಸಿದರು. ಕರ್ನಾಟಕದ ಯಾವ ಬೀಟ್ ಕಾನ್‌ಸ್ಟೆಬಲ್ಲಿಗೂ ಈ ಮಾತು ಹೊಸದೆನಿಸದು. ಬೆಳಗ್ಗೆ ಬೀಟ್ ಸಭೆ ಎಂದು ಓಣಿಗೆ ತಿಳಿಸಿರುತ್ತಾರೆ. ಅಷ್ಟರಲ್ಲಿ ಗಣ್ಯರ ಭೇಟಿಯ ಬಂದೋಬಸ್ತ್ ಬರುತ್ತದೆ, ಅದು ಮುಗಿದರೆ ಕೋರ್ಟು, ಸಮನ್ಸ್, ಜಾತ್ರೆ, ಚುನಾವಣೆ. ಎರಡು ಸಲ ಸಭೆ ತಪ್ಪಿದ ಮೇಲೆ ಮೂರನೆಯ ಸಲ ಜನ ಬರುವುದಿಲ್ಲ.

ರಾಜಸ್ಥಾನದ 162 ಠಾಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ರಾಜ್ಯ ಪೊಲೀಸರ ಜೊತೆ ಸೇರಿ ನಡೆಸಿದ ಪ್ರಯೋಗವೂ ಸಿಬ್ಬಂದಿ ಒಂದೆಡೆ ನೆಲೆ ನಿಲ್ಲಬೇಕೆಂಬುದನ್ನೇ ಇನ್ನೊಂದು ತುದಿಯಿಂದ ಹೇಳಿತು. ಊರಿನ ಸ್ವಯಂಸೇವಕರನ್ನು ಠಾಣೆಯಲ್ಲಿ ಕೂರಿಸಿ ನೋಡಿದರು, ಅದು ನೆಲೆಯೂರಲಿಲ್ಲ. ಸಿಬ್ಬಂದಿಗೆ ತರಬೇತಿ ಕೊಟ್ಟದ್ದು, ಪದೇ ಪದೇ ಆಗುವ ವರ್ಗಾವಣೆಯನ್ನು ತಡೆದದ್ದು ಫಲ ಕೊಟ್ಟಿತು. ಪೊಲೀಸ್ ಸುಧಾರಣೆಯ ಕುರಿತಾದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಠಾಣಾಧಿಕಾರಿಗಳಿಗೆ ಕನಿಷ್ಠ 2 ವರ್ಷದ ಅವಧಿ ಕೊಡಬೇಕೆಂದು ನಿರ್ದೇಶಿಸಿತ್ತು. ಬೀಟ್ ಪೊಲೀಸರಿಗೂ ಅಂಥ ಭದ್ರತೆ ಬೇಕು. ಗುರುತು ಬೆಳೆಯಲು ಕಾಲ ಹಿಡಿಯುತ್ತದೆ.

ಯಶಸ್ಸನ್ನು ಅಳೆಯುವ ಬಗೆಯಲ್ಲೂ ಒಂದು ತೊಡಕಿದೆ. ದಾಖಲಾದ ಪ್ರಕರಣಗಳು ಕಡಿಮೆಯಾದರೆ ಠಾಣೆಗೆ ಶಹಬ್ಬಾಸ್‌ಗಿರಿ ಸಿಗುವುದು ವಾಡಿಕೆ. ಆದರೆ ಜನರಿಗೆ ಧೈರ್ಯ ಬಂದಾಗ ಮೊದಲು ಏರುವುದು ದೂರುಗಳ ಸಂಖ್ಯೆಯೇ. ಮಧ್ಯಪ್ರದೇಶದ 180 ಠಾಣೆಗಳನ್ನು ಒಳಗೊಂಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮಹಿಳಾ ಸಹಾಯ ಕೇಂದ್ರ ತೆರೆದ ಠಾಣೆಗಳಲ್ಲಿ ಹೆಂಗಸರ ಮೇಲಿನ ದೌರ್ಜನ್ಯದ ಪ್ರಕರಣಗಳ ದಾಖಲಾತಿ ಹೆಚ್ಚಿತು. ಕೇಂದ್ರವನ್ನು ಮಹಿಳಾ ಸಿಬ್ಬಂದಿಯೇ ನೋಡಿಕೊಂಡ ಕಡೆ ಎಫ್‌ಐಆರ್ ಇನ್ನೂ ಹೆಚ್ಚಾಗಿ ದಾಖಲಾದವು. ಬರೀ ಅಂಕಿಗಳ ಪಟ್ಟಿ ಹಿಡಿದು ನೋಡುವ ಮೇಲಧಿಕಾರಿಗೆ ಅಂಥ ಠಾಣೆಯಲ್ಲಿ ಅಪರಾಧ ಜಾಸ್ತಿಯಾದಂತೆ ಕಂಡೀತು. ಅಲ್ಲಿ ಜಾಸ್ತಿಯಾದದ್ದು, ಅದುವರೆಗೆ ಮನೆಯೊಳಗೇ ನುಂಗಿಕೊಂಡಿದ್ದ ಮಾತನ್ನು ಠಾಣೆಗೆ ಬಂದು ಹೇಳಿದ ಹೆಂಗಸರ ಸಂಖ್ಯೆ.