ಜೇಬಿನಿಂದ ಕಿವಿಗೆ ಬರುವಷ್ಟರಲ್ಲಿ ಹಾಡು ಕಡಿಯುವುದೇಕೆ?

ಮನೆಯೊಳಗೆ ಸರಾಗವಾಗಿ ಹಾಡುತ್ತಿದ್ದ ಇಯರ್‌ಬಡ್ ಆಟದ ಮೈದಾನಕ್ಕೆ ಕಾಲಿಟ್ಟ ಕೂಡಲೇ ತಡವರಿಸತೊಡಗುತ್ತದೆ. ಬೆಳಗಿನ ವಾಕಿಂಗಿಗೆ ಹೋಗುವ ಎಷ್ಟೋ ಜನರ ದೂರು ಇದು. ಸುತ್ತ ಗೋಡೆಯಿಲ್ಲ, ವೈಫೈ ರೂಟರ್ ಇಲ್ಲ, ಫೋನು ಪ್ಯಾಂಟಿನ ಜೇಬಿನಲ್ಲೇ ಇದೆ. ಆದರೂ ನಾಲ್ಕು ಹೆಜ್ಜೆಗೊಮ್ಮೆ ಹಾಡು ಚೂರು ಚೂರು. ಮಾಲು ಸರಿಯಿಲ್ಲ ಎಂದು ತೀರ್ಮಾನಿಸುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲಗಡೆಯ ಹಿಂಜೇಬಿನಲ್ಲಿರುವ ಫೋನನ್ನು ಅಂಗಿಯ ಎದೆಜೇಬಿಗೆ ಹಾಕಿಕೊಂಡು ಅದೇ ದಾರಿಯಲ್ಲಿ ಇನ್ನೊಂದು ಸುತ್ತು ಬನ್ನಿ. ಬಹಳ ಸಲ ಅಷ್ಟಕ್ಕೇ ಹಾಡು ಸರಿಹೋಗುತ್ತದೆ.

ಇಲ್ಲಿ ಅಡ್ಡ ಬಂದದ್ದು ನಮ್ಮದೇ ಮೈ. ಬ್ಲೂಟೂತ್ ಬಳಸುವ ರೇಡಿಯೊ ಅಲೆಯ ಕಂಪನಾಂಕ ಸುಮಾರು 2.4 ಗಿಗಾಹರ್ಟ್ಸ್, ಅದರ ತರಂಗಾಂತರ ಹನ್ನೆರಡೂವರೆ ಸೆಂಟಿಮೀಟರ್, ಅರ್ಧ ಗೇಣಿಗಿಂತ ತುಸು ಹೆಚ್ಚು. ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ನಮ್ಮ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ, ಅದೂ ಉಪ್ಪು ಬೆರೆತ ನೀರು. ಸ್ನಾಯುವಿನೊಳಗೆ ಎರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಅಲೆ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಬಲ ಹಿಂಜೇಬಿನಿಂದ ಎಡಗಿವಿಗೆ ನೇರ ದಾರಿ ಹಿಡಿದರೆ ಸೊಂಟ, ಹೊಟ್ಟೆ, ಎದೆ, ಕತ್ತು ಎಲ್ಲವನ್ನೂ ದಾಟಬೇಕು. ಅದು ಆಗದ ಮಾತು.

ಹಾಗಾದರೆ ಮನೆಯೊಳಗೆ ಹೇಗೆ ಕೇಳುತ್ತದೆ? ಗೋಡೆ, ಸೂರು, ಬೀರು, ಕಿಟಕಿಯ ಸರಳು, ಹೀಗೆ ಸಿಕ್ಕಸಿಕ್ಕಲ್ಲಿಗೆ ಬಡಿದು ಹಿಂದಿರುಗಿದ ಅಲೆಗಳು ಮೈಯನ್ನು ಬಳಸಿಕೊಂಡು ಬಂದು ಕಿವಿ ಸೇರುತ್ತವೆ. ಬಯಲಲ್ಲಿ ನೆಲವೊಂದನ್ನು ಬಿಟ್ಟರೆ ಬಡಿದು ಮರಳಲು ಏನೂ ಇಲ್ಲ. ಮೈಯ ಮೇಲ್ಮೈಗುಂಟ ಬಾಗಿ ಬರುವ ಕ್ಷೀಣ ಅಲೆಯೇ ಗತಿ. ಕೈ ಬೀಸಿದಂತೆಲ್ಲ, ಕತ್ತು ತಿರುಗಿಸಿದಂತೆಲ್ಲ ಅದೂ ಏರಿಳಿಯುತ್ತದೆ. ಹಾಡು ಹೆಜ್ಜೆಯ ಲಯಕ್ಕೆ ಸರಿಯಾಗಿ ಕಡಿಯುತ್ತಿದ್ದರೆ ಕಾರಣ ಇದೇ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು.

ಕಡಿತದ ಲಕ್ಷಣವನ್ನು ಹೀಗೆ ಕಿವಿಗೊಟ್ಟು ಗುರುತಿಸುವುದೇ, ನನ್ನ ಪ್ರಕಾರ, ರಿಪೇರಿಯ ಅರ್ಧ ಕೆಲಸ. ಸಾಮಾನ್ಯವಾಗಿ ಸಿಗುವ ಸಲಹೆಗಳು ಎಲ್ಲಕ್ಕೂ ಒಂದೇ ಮದ್ದು ಹೇಳುತ್ತವೆ: ಅನ್‌ಪೇರ್ ಮಾಡಿ, ಮತ್ತೆ ಪೇರ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ. ಕೆಲವೊಮ್ಮೆ ಗುಣವಾಗುತ್ತದೆ, ಏಕೆ ಗುಣವಾಯಿತೆಂದು ಮಾತ್ರ ತಿಳಿಯುವುದಿಲ್ಲ. ಮರುದಿನ ಅದೇ ಕಥೆ. ಜೇಬಿನಿಂದ ಕಿವಿಯವರೆಗಿನ ಆ ಒಂದು ಮೀಟರ್ ದಾರಿಯಲ್ಲಿ ನಡೆಯುವುದೇನು ಎಂದು ಗೊತ್ತಿದ್ದರೆ ಕೈ ಸರಿಯಾದ ಜಾಗಕ್ಕೇ ಹೋಗುತ್ತದೆ.

ಫೋನು ಹಾಡನ್ನು ಚಿಕ್ಕ ಚಿಕ್ಕ ಪ್ಯಾಕೆಟ್‌ಗಳಾಗಿ ಕಟ್ಟಿ ಕಳಿಸುತ್ತದೆ. ಹಾಡಿಗೆ ಇಂದಿಗೂ ಹೆಚ್ಚಾಗಿ ಬಳಕೆಯಾಗುವ ಕ್ಲಾಸಿಕ್ ಬ್ಲೂಟೂತ್‌ನಲ್ಲಿ 2.402ರಿಂದ 2.480 ಗಿಗಾಹರ್ಟ್ಸ್‌ವರೆಗೆ 79 ಚಾನೆಲ್‌ಗಳಿವೆ. ಸಮಯವನ್ನು 625 ಮೈಕ್ರೊಸೆಕೆಂಡಿನ ತುಣುಕುಗಳಾಗಿ ಹಂಚಲಾಗಿದೆ. ಫೋನೂ ಇಯರ್‌ಬಡ್ಡೂ ತಮ್ಮಿಬ್ಬರಿಗಷ್ಟೇ ಗೊತ್ತಿರುವ ಕ್ರಮದಲ್ಲಿ ಸೆಕೆಂಡಿಗೆ 1600 ಸಲದವರೆಗೆ ಚಾನೆಲ್ ಬದಲಿಸುತ್ತ ಹೋಗುತ್ತವೆ. ಒಂದು ಚಾನೆಲ್‌ನಲ್ಲಿ ಗದ್ದಲವಿದ್ದರೆ ಹಾಳಾಗುವುದು ಒಂದು ಪ್ಯಾಕೆಟ್ ಮಾತ್ರ. ಮುಂದಿನದು ಬೇರೆ ಚಾನೆಲ್‌ನಲ್ಲಿ ಸಾಗಿರುತ್ತದೆ. ಹಾಲಿವುಡ್ ನಟಿ ಹೆಡಿ ಲಾಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ 1942ರಲ್ಲಿ ಪೇಟೆಂಟ್ ಪಡೆದದ್ದು ಇಂಥದೇ ಉಪಾಯಕ್ಕೆ. ಟಾರ್ಪಿಡೊ ನಡೆಸುವ ರೇಡಿಯೊ ಸಂಕೇತವನ್ನು ಶತ್ರು ಕೆಡಿಸದಂತೆ, ತಾನಾಗಿ ನುಡಿಯುವ ಪಿಯಾನೊದ ತೂತು ಕಾಗದದ ಸುರುಳಿಯ ನೆರವಿನಿಂದ ಕಂಪನಾಂಕ ಬದಲಿಸುವ ಯೋಜನೆ ಅದು. ಲಾಮಾರ್ ಬ್ಲೂಟೂತನ್ನೇ ಕಂಡುಹಿಡಿದರು ಎಂಬ ಮಾತು ಅತಿಶಯ. ಹೀಗೆ ಕಂಪನಾಂಕದಿಂದ ಕಂಪನಾಂಕಕ್ಕೆ ಜಿಗಿಯುವ ಉಪಾಯ ಅವರಿಗಿಂತ ಮೊದಲೂ ಇತ್ತು. ಬ್ಲೂಟೂತ್ ರೂಪುಗೊಂಡದ್ದು 1990ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. 2003ರಲ್ಲಿ ಬಂದ 1.2 ಆವೃತ್ತಿಯಿಂದೀಚೆಗೆ ಸಾಧನಗಳು ಗದ್ದಲದ ಚಾನೆಲ್‌ಗಳನ್ನು ಗುರುತಿಟ್ಟುಕೊಂಡು ಅವುಗಳ ಕಡೆ ಸುಳಿಯದೇ ಇರುವುದನ್ನೂ ಕಲಿತಿವೆ.

ಆದರೂ ಕಳೆದುಹೋಗುವ ಪ್ಯಾಕೆಟ್ ಇದ್ದೇ ಇರುತ್ತದೆ. ಇಯರ್‌ಬಡ್‌ನಿಂದ ‘ತಲುಪಿತು’ ಎಂಬ ಉತ್ತರ ಬರದಿದ್ದರೆ ಫೋನು ಅದನ್ನೇ ಮತ್ತೆ ಕಳಿಸುತ್ತದೆ. ಅಷ್ಟರವರೆಗೆ ಹಾಡು ನಿಲ್ಲಬಾರದಲ್ಲ, ಅದಕ್ಕಾಗಿ ಇಯರ್‌ಬಡ್ ಒಂದಿಷ್ಟು ಹಾಡನ್ನು ಮುಂಗಡವಾಗಿ ಬಫರ್‌ನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಬಡಾವಣೆಯಲ್ಲೂ ತಾರಸಿಯ ಟ್ಯಾಂಕು ತುಂಬಿದ್ದರೆ ಅಡುಗೆಮನೆಯ ನಲ್ಲಿ ನಿಲ್ಲದಿರುವ ಹಾಗೆ. ಈ ಟ್ಯಾಂಕು ಬಹಳ ಚಿಕ್ಕದು. ಸೆಕೆಂಡಿನ ಒಂದು ಭಾಗದಷ್ಟು ಹಾಡು ಅದರಲ್ಲಿ ಹಿಡಿಯುತ್ತದೆ, ಅಷ್ಟೇ. ಅದು ಬರಿದಾದ ಕ್ಷಣವೇ ನಮಗೆ ಕೇಳಿಸುವ ಕಡಿತ.

ಇಷ್ಟು ತಿಳಿದರೆ ಒಂದು ಸಾಮಾನ್ಯ ತೊಂದರೆಯ ಮೂಲ ತಾನಾಗಿ ಹೊಳೆಯುತ್ತದೆ. ಈಗಿನ ಅಗ್ಗದ ಇಯರ್‌ಬಡ್‌ಗಳಲ್ಲೂ ‘ಗೇಮ್ ಮೋಡ್’ ಇರುತ್ತದೆ. ಆಟದಲ್ಲಿ ಗುಂಡು ಹಾರಿದ ಹೊತ್ತಿಗೇ ಸದ್ದು ಕೇಳಬೇಕೆಂದು ಅದು ಬಫರನ್ನು ಕುಗ್ಗಿಸುತ್ತದೆ. ಹಾಗೆ ಕುಗ್ಗಿಸಿದಾಗ ಕಳೆದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳಲು ಸಮಯವೇ ಉಳಿಯುವುದಿಲ್ಲ. ಇಯರ್‌ಬಡ್ಡನ್ನು ಮೂರು ಸಲ ತಟ್ಟಿದರೆ ಗೇಮ್ ಮೋಡ್ ಚಾಲೂ ಆಗುವ ಮಾದರಿಗಳೂ ಇವೆ. ಸರಿಮಾಡಿಕೊಳ್ಳಲು ಹೋಗಿ ಬೆರಳು ತಾಗಿ ಅದು ಆನ್ ಆಗಿರುತ್ತದೆ, ಆಮೇಲೆ ದಿನವಿಡೀ ಹಾಡು ಕಡಿಯುತ್ತದೆ.

ಪ್ಯಾಕೆಟ್‌ನೊಳಗೆ ಎಷ್ಟು ತುಂಬುತ್ತೇವೆ ಎಂಬುದೂ ಮುಖ್ಯ. ಎಲ್ಲ ಬ್ಲೂಟೂತ್ ಇಯರ್‌ಬಡ್‌ಗಳಿಗೂ ಗೊತ್ತಿರುವ ಎಸ್‌ಬಿಸಿ ಎಂಬ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಉತ್ತಮ ಗುಣಮಟ್ಟದಲ್ಲಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಕಳಿಸುತ್ತದೆ. ಸೋನಿ ಕಂಪನಿಯ ಎಲ್‌ಡ್ಯಾಕ್, 2017ರ ಆಂಡ್ರಾಯ್ಡ್ 8ರಿಂದ ಎಷ್ಟೋ ಫೋನುಗಳಿಗೆ ಬಂದದ್ದು, ಗರಿಷ್ಠ 990 ಕಿಲೋಬಿಟ್ ಕೇಳುತ್ತದೆ. ಹೆಚ್ಚುಕಡಿಮೆ ಮೂರು ಪಟ್ಟು. ಮಲಗುವ ಕೋಣೆಯಲ್ಲಿ ಅದು ಸೊಗಸು. ಜನ ಕಿಕ್ಕಿರಿದ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ, ಸುತ್ತ ನೂರಾರು ಇಯರ್‌ಬಡ್‌ಗಳು ಅವೇ ಚಾನೆಲ್‌ಗಳಲ್ಲಿ ಜಿಗಿಯುತ್ತಿರುವಾಗ, ಅಷ್ಟು ಭಾರ ಹೊತ್ತು ಸಾಗುವುದು ಕಷ್ಟ. ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಇಯರ್‌ಬಡ್‌ನ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಎಲ್‌ಡ್ಯಾಕ್ ಅಥವಾ ‘ಎಚ್‌ಡಿ ಆಡಿಯೊ’ ಆರಿಸುವ ಸ್ವಿಚ್ ಸಿಗುತ್ತದೆ. ಪ್ರಯಾಣದಲ್ಲಿ ಅದನ್ನು ಆಫ್ ಮಾಡಿಡುವುದೇ ಒಳ್ಳೆಯದು. ಬಸ್ಸಿನ ಇಂಜಿನ್ ಸದ್ದಿನ ನಡುವೆ ಆ ವ್ಯತ್ಯಾಸ ಕಿವಿಗೆ ಹೇಗೂ ತಿಳಿಯುವುದಿಲ್ಲ.

2.4 ಗಿಗಾಹರ್ಟ್ಸ್‌ನ ಈ ಪಟ್ಟಿಯಲ್ಲಿ ಇಷ್ಟು ದಟ್ಟಣೆ ಏಕೆಂದರೆ ಇಲ್ಲಿ ಯಾರಿಗೂ ಲೈಸೆನ್ಸ್ ಬೇಕಿಲ್ಲ. ಭಾರತದಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ 2005ರಲ್ಲಿ ಇದು ಮುಕ್ತವಾಯಿತು. ವೈಫೈ, ವೈರ್‌ಲೆಸ್ ಮೌಸ್, ಡ್ರೋನ್ ರಿಮೋಟ್ ಎಲ್ಲವೂ ಇಲ್ಲೇ. ವೈಫೈನ ಒಂದು ಚಾನೆಲ್ ಒಂದೇ ಸಲಕ್ಕೆ ಬ್ಲೂಟೂತ್‌ನ ಇಪ್ಪತ್ತು ಚಾನೆಲ್‌ಗಳಷ್ಟು ಅಗಲ ನುಂಗುತ್ತದೆ. ಅದಕ್ಕಿಂತ ಹತ್ತಿರದ ಪೈಪೋಟಿ ಫೋನಿನೊಳಗೇ ಇದೆ. ಬಹಳಷ್ಟು ಫೋನುಗಳಲ್ಲಿ ವೈಫೈ, ಬ್ಲೂಟೂತ್ ಎರಡಕ್ಕೂ ಒಂದೇ ಚಿಪ್ಪು, ಎಷ್ಟೋ ಸಲ ಒಂದೇ ಆಂಟೆನಾ. ಸರದಿಯ ಮೇಲೆ ಬಳಸಬೇಕು. ವೈಫೈನಲ್ಲಿ ಸಿನಿಮಾ ಡೌನ್‌ಲೋಡ್ ಆಗುತ್ತಿರುವಾಗಲೇ ಹಾಡು ತಡವರಿಸಿದರೆ ಫೋನನ್ನು ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿ. ಹೊಸ ರೂಟರ್‌ಗಳಲ್ಲಿ ಹೆಚ್ಚಾಗಿ ಎರಡೂ ಇರುತ್ತವೆ.

ಮೈಕ್ರೊವೇವ್ ಒಲೆಯದು ಬೇರೆಯೇ ಬಗೆಯ ತೊಂದರೆ. ಅದು ನಡೆಯುವುದೂ 2.45 ಗಿಗಾಹರ್ಟ್ಸ್‌ನಲ್ಲಿ. ಬಾಗಿಲ ಸಂದಿನಿಂದ ಸೋರುವ ಅಲೆ ಸುರಕ್ಷತೆಯ ಮಿತಿಯೊಳಗೇ ಇದ್ದರೂ, ಕೆಲವೇ ಮಿಲಿವ್ಯಾಟ್‌ನಲ್ಲಿ ಮಾತಾಡುವ ಇಯರ್‌ಬಡ್‌ಗೆ ಅದು ದೊಡ್ಡ ಗದ್ದಲ. ಟ್ರಾನ್ಸ್‌ಫಾರ್ಮರ್ ಇರುವ ಮಾಮೂಲಿ ಒಲೆಯ ಮ್ಯಾಗ್ನೆಟ್ರಾನ್ ನಮ್ಮ 50 ಹರ್ಟ್ಸ್ ಕರೆಂಟಿನ ಪ್ರತಿ ಆವರ್ತದ ಅರ್ಧ ಭಾಗದಲ್ಲಷ್ಟೇ ಉರಿಯುತ್ತದೆ: ಸುಮಾರು 10 ಮಿಲಿಸೆಕೆಂಡ್ ಗದ್ದಲ, 10 ಮಿಲಿಸೆಕೆಂಡ್ ಮೌನ. ಆ ಮೌನದಲ್ಲಿ ಬ್ಲೂಟೂತ್‌ನ 16 ತುಣುಕು ಸಮಯ ಹಿಡಿಯುತ್ತದೆ. ಒಲೆಯ ಪಕ್ಕದಲ್ಲೂ ಹಾಡು ಪೂರ್ತಿ ಸಾಯದೆ ಕುಂಟುತ್ತ ಸಾಗುವುದು ಇದರಿಂದಲೇ.

ಇನ್ನು ಎರಡು ಕಿವಿಗಳ ನಡುವಿನ ವ್ಯವಹಾರ. ತಂತಿಯೇ ಇಲ್ಲದ ಜೋಡಿಯ ಹಳೆಯ ಮಾದರಿಗಳಲ್ಲಿ ಫೋನು ಒಂದು ಬಡ್‌ಗೆ ಮಾತ್ರ ಹಾಡು ಕೊಡುತ್ತಿತ್ತು, ಅದು ಇನ್ನೊಂದಕ್ಕೆ ದಾಟಿಸಬೇಕಿತ್ತು. ನಡುವೆ ತಲೆ, ಅಂದರೆ ಮತ್ತೆ ನೀರು. ಒಂದು ಕಿವಿಯಲ್ಲಿ ಹಾಡು ಸರಿಯಾಗಿದ್ದು ಇನ್ನೊಂದರಲ್ಲೇ ಪದೇಪದೇ ಕಡಿದರೆ ಮೊದಲ ಅನುಮಾನ ಇಲ್ಲಿ. ಈಚಿನ ಮಾದರಿಗಳಲ್ಲಿ ಎರಡನೆಯದು ಫೋನಿನ ಸಂಕೇತವನ್ನು ತಾನೇ ಕದ್ದು ಕೇಳಿಸಿಕೊಳ್ಳುತ್ತದೆ. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊದಲ್ಲಂತೂ ಎಡ, ಬಲ ಎರಡಕ್ಕೂ ಫೋನಿನಿಂದಲೇ ಬೇರೆ ಬೇರೆ ಧಾರೆ ಹೋಗುತ್ತದೆ. ಫೋನು, ಇಯರ್‌ಬಡ್ ಎರಡೂ ಅದನ್ನು ಬಲ್ಲವಾಗಿರಬೇಕು. ಪರೀಕ್ಷೆ ಸುಲಭ. ಒಂದನ್ನು ಡಬ್ಬಿಯಲ್ಲಿಟ್ಟು ಮುಚ್ಚಿ ಇನ್ನೊಂದರಲ್ಲಿ ಕೇಳಿ, ಆಮೇಲೆ ಅದಲುಬದಲು ಮಾಡಿ. ಒಂಟಿಯಾಗಿ ಎರಡೂ ಚೆನ್ನಾಗಿ ಹಾಡಿದರೆ ತೊಂದರೆ ಅವುಗಳ ನಡುವಿನದು. ಆಗ ಫೋನನ್ನು ಇನ್ನೊಂದು ಮಗ್ಗುಲಿನ ಜೇಬಿಗೆ ಹಾಕಿ ನೋಡಿ.

ಹಾಡಿಗಿಂತ ಫೋನ್ ಕಾಲ್ ಹೆಚ್ಚು ಕೆಡುತ್ತದೆ ಎನ್ನುವವರೂ ಇದ್ದಾರೆ. ಅವರ ಅನುಭವ ಸರಿ. ಮಾತುಕತೆಯಲ್ಲಿ ತಡ ಸಹಿಸಲಾಗದು, ಹಾಗಾಗಿ ಕಾಲ್ ಬಂದ ಕೂಡಲೇ ಬ್ಲೂಟೂತ್ ಬೇರೊಂದು ಬಗೆಯ ಸಂಪರ್ಕಕ್ಕೆ ಬದಲಾಗುತ್ತದೆ. ಅಲ್ಲಿ ಕಳೆದದ್ದನ್ನು ಮತ್ತೆ ಕಳಿಸಲು ಅವಕಾಶ ಬಹಳ ಕಡಿಮೆ.

ಬ್ಲೂಟೂತ್‌ಗೆ ಸಂಬಂಧವೇ ಇರದ ಕಡಿತಗಳೂ ಉಂಟು. ಹಾಡು ಚೂರಾಗದೆ ಐದಾರು ಸೆಕೆಂಡ್ ಪೂರ್ತಿ ನಿಂತು ಬಿಟ್ಟಲ್ಲಿಂದಲೇ ಮುಂದುವರಿದರೆ ಅದು ಇಂಟರ್ನೆಟ್ಟಿನ ಕೆಲಸ. ಒಂದು ಹಾಡನ್ನು ಡೌನ್‌ಲೋಡ್ ಮಾಡಿಕೊಂಡು, ಏರ್‌ಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ ಕೇಳಿ. ಆಗ ಸರಾಗವಾಗಿ ಹಾಡಿದರೆ ಇಯರ್‌ಬಡ್ ನಿರಪರಾಧಿ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಂತೇ ಹೋಗುತ್ತಿದ್ದರೆ ಬ್ಯಾಟರಿ ಉಳಿಸಲೆಂದು ಫೋನು ಆ ಆ್ಯಪನ್ನು ಮಲಗಿಸುತ್ತಿದೆ. ಸೆಟ್ಟಿಂಗಿನ ಬ್ಯಾಟರಿ ವಿಭಾಗದಲ್ಲಿ ಅದಕ್ಕೆ ವಿನಾಯಿತಿ ಕೊಡಬೇಕು. ಹಾಡು ತಾನಾಗಿ ‘ಪಾಜ್’ ಆದರೆ ಬಡ್‌ನ ಒಳಮೈಯಲ್ಲಿರುವ, ಕಿವಿಯಲ್ಲಿದೆಯೇ ಇಲ್ಲವೇ ಎಂದು ನೋಡುವ ಸೆನ್ಸರ್‌ನ ಸಣ್ಣ ಕಪ್ಪು ಕಿಂಡಿಯ ಮೇಲೆ ಕೊಳೆ ಕೂತಿರಬಹುದು. ಲ್ಯಾಪ್‌ಟಾಪಿಗೂ ಜೋಡಿಸಿಟ್ಟಿದ್ದರೆ ಅದರಲ್ಲಿ ಯಾವುದೋ ನೋಟಿಫಿಕೇಶನ್ ಸದ್ದು ಮಾಡಿದಾಗಲೂ ಫೋನಿನ ಹಾಡು ತಪ್ಪಬಹುದು.

ಬಡ್‌ನ ಕಾಲಿನ ತುದಿಯಲ್ಲಿ ಅಥವಾ ಹೊಟ್ಟೆಯ ಬದಿಯಲ್ಲಿ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಡಬ್ಬಿಯೊಳಗಿನ ಸ್ಪ್ರಿಂಗ್ ಪಿನ್ನುಗಳು ಅವಕ್ಕೆ ತಾಗಿದರೆ ಮಾತ್ರ ಚಾರ್ಜ್ ಆಗುವುದು. ಬೆವರಿನ ಉಪ್ಪು, ಕುಗ್ಗೆ, ಕಿವಿಯ ಎಣ್ಣೆ ಸೇರಿ ಅಲ್ಲಿ ಮಂಕಾದ ಪದರ ಕಟ್ಟುತ್ತದೆ. ರಾತ್ರಿಯಿಡೀ ಡಬ್ಬಿಯಲ್ಲಿದ್ದರೂ ಒಂದು ಬಡ್ ಅರ್ಧವೇ ತುಂಬಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಡಗಡೆಯದು ಮಾತ್ರ ಆರಿಹೋಗುತ್ತದೆ, ನಾವು ಅದನ್ನು ಸಿಗ್ನಲ್ ಸಮಸ್ಯೆ ಎಂದುಕೊಳ್ಳುತ್ತೇವೆ. ಒಣ ಹತ್ತಿಕಡ್ಡಿಗೆ ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹಚ್ಚಿ ಚುಕ್ಕೆಯನ್ನೂ ಪಿನ್ನನ್ನೂ ಮೆಲ್ಲಗೆ ಒರೆಸಿ, ಆರಲು ಬಿಟ್ಟು ಹಾಕಿ. ಧ್ವನಿ ಬರುವ ಜಾಲರಿಯ ಹತ್ತಿರ ಹನಿ ಹೋಗಬಾರದು. ಇಷ್ಟೆಲ್ಲ ಆದಮೇಲೂ ಎದೆಜೇಬಿನಲ್ಲಿರುವ ಫೋನಿನಿಂದ, ಏರ್‌ಪ್ಲೇನ್ ಮೋಡ್‌ನಲ್ಲಿ, ಇನ್ನೊಬ್ಬರ ಫೋನಿಗೆ ಜೋಡಿಸಿದಾಗಲೂ ಹಾಡು ಕಡಿದರೆ ದೋಷ ಬಡ್‌ನದೇ. ವಾರಂಟಿ ಇರುವಾಗಲೇ ಬದಲಿಸಿಕೊಳ್ಳಿ. ಸರ್ವಿಸ್ ಸೆಂಟರಿನಲ್ಲಿ ಯಾವ ಕಿವಿಯದು, ಎಂಥ ಕಡಿತ, ಯಾವ ಯಾವ ಫೋನಿನಲ್ಲಿ ಎಂದು ಬಿಡಿಸಿ ಹೇಳಿದರೆ ರೀಸೆಟ್ ಮಾಡಿ ಮನೆಗೆ ಕಳಿಸುವುದು ಅವರಿಗೂ ಅಷ್ಟು ಸುಲಭವಾಗದು.